ಕಥೆಯ ಕೆಳಗೆ ಅಪ್ಪನ ಹೆಸರು

ಎಂಬತ್ತರ ದಶಕದ ನಡುವಿನಲ್ಲಿ ನಾನು ಜ್ಞಾನಭಾರತಿಯಲ್ಲಿ ಎಂ.ಫಿಲ್. ಮಾಡುತ್ತಿದ್ದೆ. ವಿಷಯ, ಹಳೆಯ ಚೀನಾದ ವಿದ್ಯಾವಂತರು ಬರೆದಿಟ್ಟ ದೆವ್ವದ ಕಥೆಗಳು. ರಾಜಾಜಿನಗರದ ನಮ್ಮ ರಸ್ತೆಯಲ್ಲಿ ಯಾರಾದರೂ ಕೇಳಿದರೆ ಅಪ್ಪ ‘ಚೀನಾದ ಆಡಳಿತ ವ್ಯವಸ್ಥೆ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಆ ಕಥೆಗಳನ್ನು ಬರೆದವರು ಇಪ್ಪತ್ತು ಮೂವತ್ತು ವರ್ಷ ಓದಿ, ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ, ಯಾವುದೋ ದೂರದ ಜಿಲ್ಲೆಗೆ ಅಧಿಕಾರಿಗಳಾಗಿ ಹೋದವರು. ಇಲ್ಲವೇ ಫೇಲಾಗಿ ಮೇಷ್ಟ್ರಾಗಿ ಉಳಿದವರು.

ಅಪ್ಪನ ಮುಜುಗರಕ್ಕೆ ಕಾರಣವಿತ್ತು. ಅವರು ಬಸವೇಶ್ವರನಗರದ ಒಂದು ಹೈಸ್ಕೂಲಿನ ಹೆಡ್‌ಮಾಸ್ಟರು, ವಿಜ್ಞಾನದ ಮೇಷ್ಟ್ರು. ಸೂರ್ಯಗ್ರಹಣದ ದಿನ ಇಡೀ ರಸ್ತೆ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರೆ, ಇವರು ನಮ್ಮ ಗೇಟಿನ ಹೊರಗೆ ನಿಂತು ಚುರುಮುರಿ ತಿಂದಿದ್ದರು. ಮೂರು ದಾರಿ ಕೂಡುವಲ್ಲಿ ಯಾರೋ ಇಳಿ ತೆಗೆದು ಇಟ್ಟ ನಿಂಬೆಹಣ್ಣನ್ನು ಮನೆಗೆ ತಂದು, “ಶರಬತ್ತು ಮಾಡೇ” ಎಂದು ಅಮ್ಮನ ಕೈಗೆ ಕೊಟ್ಟಿದ್ದರು. ಅಮ್ಮ ಅದನ್ನು ಸೀದಾ ಮೋರಿಗೆ ಎಸೆದು, ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದಳು. ಇಂಥ ಮನುಷ್ಯನ ಮಗಳು ದೆವ್ವದಲ್ಲಿ ಡಿಗ್ರಿ ಮಾಡುತ್ತಿದ್ದಾಳೆಂದರೆ ಜನ ನಗದೆ ಬಿಡುತ್ತಾರೆಯೇ?

ಆದರೂ ಭಾನುವಾರ ನಾನು ಟಿಪ್ಪಣಿ ಓದಲು ಕೂತರೆ ಪೇಪರು ಮಡಚಿಟ್ಟು ಕೇಳುತ್ತಿದ್ದರು. ಆ ಕಥೆಗಳ ಯಮಲೋಕದಲ್ಲೂ ಕಚೇರಿಗಳಿವೆ, ಕಡತಗಳಿವೆ, ಲಂಚವಿದೆ. ಗುಮಾಸ್ತನ ತಪ್ಪಿನಿಂದ ಒಬ್ಬನ ಬದಲು ಇನ್ನೊಬ್ಬನನ್ನು ಸಾಯಿಸಿ, ಆಮೇಲೆ ಕ್ಷಮೆ ಕೇಳಿ ವಾಪಸು ಕಳಿಸುತ್ತಾರೆ. “ಅಲ್ಲೂ ಗುಮಾಸ್ತರ ರಾಜ್ಯವೇ ಅನ್ನು!” ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಇಷ್ಟವಾಗಿದ್ದು ಹೆಣ್ಣುವೇಷದ ನರಿಗಳು. ಒಂಟಿ ವಿದ್ಯಾರ್ಥಿಯ ಕೋಣೆಗೆ ಬಂದು ಅವನ ಪದ್ಯದ ತಪ್ಪು ತಿದ್ದಿ ಹೋಗುವ ಆ ಜಾಣೆಯರ ಮೇಲೆ ನನಗೆ ಈಗಲೂ ಪ್ರೀತಿ.

ಆ ಅಧಿಕಾರಿಗಳಲ್ಲಿ ಒಂದು ಪದ್ಧತಿಯಿತ್ತು. ಕಥೆ ಮುಗಿದ ಮೇಲೆ ಕೆಳಗೆ ಅದನ್ನು ಹೇಳಿದವನ ಹೆಸರು, ಅವನ ಹುದ್ದೆ, ಎಲ್ಲಿ ಹೇಳಿದ ಎಂಬುದನ್ನೆಲ್ಲ ಬರೆಯುತ್ತಿದ್ದರು. ಇಂಥ ಊರಿನ ಉಪನ್ಯಾಯಾಧೀಶರು ಅತಿಥಿಗೃಹದಲ್ಲಿ ಚಹಾ ಕುಡಿಯುತ್ತಾ ಹೇಳಿದ್ದು, ಎಂಬ ಹಾಗೆ. ಹೆಸರಿಲ್ಲದಿದ್ದರೆ ಅದು ಸಂತೆಯ ಹರಟೆ. ಓದಿದವನ ಹೆಸರಿದ್ದರೆ ಸಾಕ್ಷ್ಯ. ನಮ್ಮಲ್ಲಿ ಇದು ತಿರುಗುಮುರುಗು. ನಮ್ಮ ಬಡಾವಣೆಯ ಎಂಜಿನಿಯರು, ಬ್ಯಾಂಕಿನವರು ಯಾರೇ ದೆವ್ವದ ಮಾತೆತ್ತಿದರೂ ಅದನ್ನು ಕಂಡಿದ್ದು ಅವರ ಮನೆಯ ಕೆಲಸದವಳು ಅಥವಾ ಊರಿನ ಷಡ್ಡಕ. ತಾನೇ ಕಂಡೆ ಎಂದು ಒಬ್ಬ ಪದವೀಧರನೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಒಂದು ಭಾನುವಾರ ನಾನು ಓದಿದ ಕಥೆಯಲ್ಲಿ ಜಿಲ್ಲಾಧಿಕಾರಿಯೊಬ್ಬನ ಸತ್ತ ಹೆಂಡತಿ ಬಂದು, ಚಳಿಗಾಲದ ನಿಲುವಂಗಿ ಬಿಸಿಲಿಗೆ ಹಾಕಿದ್ದೀರಾ ಎಂದು ಕೇಳುತ್ತಾಳೆ. “ಓದಿದೋರೇ ಹಿಂಗಾದ್ರೆ ಏನೇ ಗತಿ?” ಎಂದು ಅಪ್ಪ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಅಮ್ಮ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಒರೆಸುತ್ತಲೇ ಅಪ್ಪ ಹೇಳಿದರು.

“ಇವತ್ತು ಬೆಳಿಗ್ಗೆ ಕಾಫಿಗೆ ಹಾಲಿಟ್ಟು ಪೇಪರ್ ನೋಡ್ತಾ ಇದ್ದೆ. ನಿಮ್ಮಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗು ಸಿಕ್ಕಿಸ್ಕೊಂಡು ನಿಂತಿದ್ಳು. ‘ಹಾಲು ಉಕ್ತಾ ಇದೆ, ನೋಡಬಾರ್ದಾ’ ಅಂದ್ಳು. ತಿರುಗಿ ನೋಡಿದ್ರೆ ಹಾಲು ಅಂಚಿಗೆ ಬಂದಿತ್ತು ಕಣೇ.”

ಅಷ್ಟೇ. ಕನ್ನಡಕ ಹಾಕಿಕೊಂಡು ಮತ್ತೆ ಪೇಪರು ಬಿಡಿಸಿದರು. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ನನ್ನ ಪ್ರಬಂಧದ ಮುನ್ನುಡಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆಂದು, ಕೇಳದೆ ಮಾಡದೆ ಬರೆದೇಬಿಟ್ಟೆ. ಕೆಳಗೆ ಚೀನಾದವರ ಪದ್ಧತಿಯಂತೆ ಅಪ್ಪನ ಹೆಸರು, ಬಿ.ಎಸ್ಸಿ., ಬಿ.ಎಡ್., ಮುಖ್ಯೋಪಾಧ್ಯಾಯರು, ತಮ್ಮ ಮನೆಯ ನಡುಮನೆಯಲ್ಲಿ ಹೇಳಿದ್ದು. ನನ್ನ ಗೈಡ್ ಬಿಟ್ಟರೆ ಇನ್ಯಾರು ಓದುತ್ತಾರೆ ಎಂಬ ಧೈರ್ಯ.

ಓದಿದವರು ನಾನು ಪ್ರಬಂಧವನ್ನು ಟೈಪ್ ಮಾಡಲು ಕೊಟ್ಟಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನವರು. ಕಾಫಿಪುಡಿ ಅಂಗಡಿಯ ಮಹಡಿಯ ಮೇಲಿದ್ದ ಆ ಇನ್‌ಸ್ಟಿಟ್ಯೂಟಿನ ಮಾಲೀಕರು ಅಪ್ಪನ ಹಳೆಯ ಶಿಷ್ಯರು. ಬಂದ ಹಸ್ತಪ್ರತಿಗಳಲ್ಲಿ ಚೆನ್ನಾಗಿರುವ ಪುಟವನ್ನು ವಿದ್ಯಾರ್ಥಿಗಳಿಗೆ ಸ್ಪೀಡ್ ಪ್ರಾಕ್ಟೀಸಿಗೆ ಕೊಡುವುದು ಅಲ್ಲಿಯ ವಾಡಿಕೆ. ನನಗೆ ಅದು ಗೊತ್ತಿರಲಿಲ್ಲ. ಅಮ್ಮನೂ ಹಾಲೂ ಇದ್ದ ಪುಟ ಅವರ ಮನಸ್ಸಿಗೆ ಹಿಡಿಸಿತಂತೆ. ಸಂಜೆಯ ಸೀನಿಯರ್ ಬ್ಯಾಚಿನ ಅಷ್ಟೂ ಜನ ಅದನ್ನು ಗಡಿಯಾರ ನೋಡಿಕೊಂಡು ಟೈಪ್ ಮಾಡಿ, ಒಂದೊಂದು ಪ್ರತಿ ಮನೆಗೆ ಒಯ್ದರು.

ಮಾರನೆಯ ದಿನ ಹಾಲಿನ ಬೂತಿನಲ್ಲಿ ಎದುರುಮನೆ ಆಂಟಿ, “ಹೆಡ್‌ಮಾಸ್ಟರ್ ಮನೇಲೇ ಅಂತೆ, ಹೌದೇನೇ?” ಎಂದು ದನಿ ತಗ್ಗಿಸಿ ಕೇಳಿದರು. ಮೂವತ್ತು ವರ್ಷ ನಿಷ್ಠುರ ಕಟ್ಟಿಕೊಂಡು ಅಪ್ಪ ಗಳಿಸಿದ್ದ ಹೆಸರು ನನ್ನ ಒಂದು ಹಾಳೆಯಿಂದ ಹೋಗುತ್ತಿತ್ತು. ಸಂಜೆ ಅವರು ಬಂದ ಕೂಡಲೇ ಅಳುತ್ತಾ ಎಲ್ಲ ಒಪ್ಪಿಕೊಂಡೆ. “ನಾನೇ ಕಟ್ಟಿದ ಕಥೆ ಅಂತ ಹೇಳ್ಬಿಡಿ ಅಪ್ಪ, ಮುನ್ನುಡೀನ ಹರಿದು ಹಾಕ್ತೀನಿ” ಎಂದೆ. ಅವರು ಸ್ಕೂಲಿನಲ್ಲಿ ಆಗಲೇ ಕೇಳಿದ್ದರು. ಬೈಯಲಿಲ್ಲ. “ಕಾಫಿ ಮಾಡು” ಎಂದರು.

ಕಾಫಿ ಇಳಿಯುವಷ್ಟರಲ್ಲಿ ಅವರ ಸ್ಕೂಲಿನ ಕಿರಿಯ ವಿಜ್ಞಾನ ಮೇಷ್ಟ್ರು ಬಂದರು. ಮೂಢನಂಬಿಕೆಯ ವಿರುದ್ಧ ಅಪ್ಪ ಮಾಡುತ್ತಿದ್ದ ಭಾಷಣಗಳಿಗೆ ಚಾರ್ಟು ಹೊತ್ತುಕೊಂಡು ಹೋಗುತ್ತಿದ್ದವರು ಇವರೇ. ಜೇಬಿನಿಂದ ಆ ಹಾಳೆ ತೆಗೆದು, ನನ್ನ ಮುಖ ನೋಡದೆ, “ಸಾರ್, ಸ್ಟಾಫ್‌ರೂಮಲ್ಲೆಲ್ಲ ನಗ್ತಾ ಇದಾರೆ. ನಿಮ್ಮ ಮಗಳು ತಮಾಷೆಗೆ ಬರೆದಿದ್ದು ಅಂತ ನಾಳೆ ನೀವೇ ಒಂದ್ಮಾತು ಹೇಳ್ಬಿಡಿ, ಮುಗೀತು” ಎಂದರು.

ಅಪ್ಪ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಲೋಟ ಹಿಡಿದು ಬಾಗಿಲಲ್ಲೇ ನಿಂತೆ.

“ಇದರಲ್ಲಿ ತಪ್ಪಿದೆ” ಎಂದರು.

ಮೇಷ್ಟ್ರ ಮುಖ ಅರಳಿತು. “ಅದೇ ಸಾರ್, ನಾನೂ ಅದನ್ನೇ ಹೇಳಿದ್ದು.”

“ಒಂದು ಸಲ ಬಂದ್ಳು ಅಂತ ಬರೆದಿದಾಳೆ. ದಿನಾ ಬರ್ತಾಳೆ.”

ನನಗೂ ಅದು ಗೊತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಒಬ್ಬರೇ ಕೂತು ಕಾಫಿ ಕುಡಿಯುತ್ತಾರೆಂದು ನಾನು ಹಾಸಿಗೆಯಲ್ಲೇ ಮಲಗಿ ಎಷ್ಟೋ ದಿನ ಸಂಕಟಪಟ್ಟಿದ್ದೆ.

ಮೇಷ್ಟ್ರು ತಡವರಿಸಿದರು. “ಸಾರ್... ಇದಕ್ಕೆ ಸೈನ್ಸಲ್ಲಿ ಏನಾದ್ರೂ ವಿವರಣೆ ಇರುತ್ತಲ್ವಾ? ನೀವೇ ನಮಗೆ ಹೇಳ್ಕೊಟ್ಟಿದ್ದು.”

“ಇರುತ್ತೆ ಕಣಯ್ಯಾ, ಖಂಡಿತ ಇರುತ್ತೆ” ಎಂದು ಅಪ್ಪ ಹಾಳೆ ಮಡಚಿ ಅವರ ಕೈಗೆ ಕೊಟ್ಟರು. “ಹುಡುಕೋದಕ್ಕೆ ಹೆದರಿಕೆ. ಸಿಕ್ಕಿದ ಮೇಲೆ ಅವಳು ಬರೋದು ನಿಲ್ಲಿಸಿಬಿಟ್ರೆ?”