ಕಾರ್ಲೈಲ್‌ನಲ್ಲಿ ಇಳಿದ ಕೋವಿ

ಲಫ್‌ಬರೋದ ನಮ್ಮ ಮನೆಯಲ್ಲಿ ಒಂದೇ ಒಂದು ವಸ್ತು ಎಲ್ಲಿದೆಯೆಂದು ನನಗೆ ಗೊತ್ತಿಲ್ಲ. ಗೊತ್ತಿರಲೂ ಕೂಡದು. ಅದು ಕೋವಿ ಇಡುವ ಕಬ್ಬಿಣದ ಬೀರುವಿನ ಕೀಲಿಕೈ. ಮಿಕ್ಸಿಯ ಸಣ್ಣ ಜಾರಿನ ಮುಚ್ಚಳದಿಂದ ಹಿಡಿದು ಬಾಯ್ಲರಿನ ಗ್ಯಾರಂಟಿ ಕಾಗದದವರೆಗೆ ಈ ಮನೆಯಲ್ಲಿ ಕಾಣೆಯಾದದ್ದನ್ನೆಲ್ಲ ಹುಡುಕಿಕೊಡುವವಳು ನಾನೇ. ಆದರೆ ಕೋವಿಯ ಲೈಸೆನ್ಸ್ ಇರುವುದು ನನ್ನ ಯಜಮಾನರ ಹೆಸರಿನಲ್ಲಿ. ಲೈಸೆನ್ಸ್ ಇಲ್ಲದವರ ಕೈಗೆ ಅದು ಸಿಗಬಾರದು, ಹೆಂಡತಿಯಾದರೂ ಅಷ್ಟೇ. ಬೀರು ನೋಡಲು ಬಂದ ಪೊಲೀಸ್ ಇಲಾಖೆಯ ಹೆಂಗಸು ನನ್ನನ್ನೇ ಕೇಳಿದ್ದಳು, ಕೀಲಿ ಎಲ್ಲಿದೆ ಗೊತ್ತೇ ಎಂದು. ಗೊತ್ತಿಲ್ಲ ಎಂದೆ. ಬಹಳ ಒಳ್ಳೆಯದು ಎಂದಳು. ಗೊತ್ತಿಲ್ಲ ಎಂದದ್ದಕ್ಕೆ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಇವರು ಕೊಡಗಿನವರು, ನಾನು ಮೈಸೂರಿನವಳು. ಕಾರ್ಖಾನೆಗೆ ಯಂತ್ರ ಕೂರಿಸುವುದು ಇವರ ಕೆಲಸ, ಮನೆಗೆ ಬಂದರೂ ಅದೇ ಅಳತೆ, ಅದೇ ಶಿಸ್ತು. ಈ ದೇಶಕ್ಕೆ ಬಂದ ಮೇಲೆ ಎಷ್ಟೋ ಭಾನುವಾರ ಕ್ಲಬ್ಬಿನಲ್ಲಿ ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಗುರಿ ಇಟ್ಟು, ನಮ್ಮ ಜಿಪಿ ಡಾಕ್ಟರಿಂದ ಕಾಗದ ಬರೆಸಿ, ತಿಂಗಳುಗಟ್ಟಲೆ ಕಾದು, ಕೊನೆಗೊಂದು ರೈಫಲ್ ಪಡೆದರು. ಅದರ ಬಾಯಿಗೆ ತಿರುಗಿಸಿ ಕೂರಿಸುವ, ಸದ್ದು ತಗ್ಗಿಸುವ ಕೊಳವೆಯನ್ನೂ ಕೊಂಡರು. ಇಲ್ಲಿಯವರು ಅದಕ್ಕೆ ಮಾಡರೇಟರ್ ಎನ್ನುತ್ತಾರೆ. ಆ ಕೊಳವೆಯೂ ಲೈಸೆನ್ಸಿನಲ್ಲಿ ಸೇರಿತ್ತು. ಇಷ್ಟೆಲ್ಲ ಮಾಡಿದ್ದು ಒಂದೇ ಆಸೆಗೆ: ಸ್ಕಾಟ್ಲೆಂಡಿನ ಗ್ಯಾಲೋವೇ ಕಾಡಿನಲ್ಲಿ ಒಮ್ಮೆ ಜಿಂಕೆಯ ಬೇಟೆ. ಅಲ್ಲಿನ ಕಾಡು ನೋಡಿಕೊಳ್ಳುವವನೊಬ್ಬ ಸೆಪ್ಟೆಂಬರಿನಲ್ಲಿ ಬನ್ನಿ ಎಂದಿದ್ದ. ಯಾವುದೇ ತಪ್ಪು ನಡೆದರೆ ಲೈಸೆನ್ಸ್ ಹೋಗುತ್ತದೆ, ಒಮ್ಮೆ ಹೋದದ್ದು ಮತ್ತೆ ಸಿಗುವುದು ಕಷ್ಟ. ಆಫೀಸು ಮತ್ತು ಮಾರ್ಟ್‌ಗೇಜು ಬಿಟ್ಟರೆ ಈ ಮನುಷ್ಯನಿಗೆ ಇದ್ದದ್ದು ಅದೊಂದೇ.

ಇನ್ನು ಭಾವನವರು. ಇವರ ದೊಡ್ಡಪ್ಪನ ಮಗ, ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ಜನ ಸೇರಿದಲ್ಲೆಲ್ಲ ಅವರ ಒಂದು ಮಾತು ಇದ್ದದ್ದೇ. "ನಮಗೆ ಲೈಸೆನ್ಸೇ ಬೇಡ ಕಣ್ರೀ. ಗಂಡು ಮಗು ಹುಟ್ಟಿದ್ರೆ ನಮ್ಮಲ್ಲಿ ಮೊದಲು ಕೇಳೋದು ಕೋವಿ ಸದ್ದು, ಆಮೇಲೆ ಮಗು ಅಳು. ಬ್ರಿಟಿಷರೇ ನಮಗೆ ಕೊಟ್ಟ ಹಕ್ಕು!" ಆ ಹಕ್ಕು ನಿಜವೇ. ಆದರೆ ಊರಿನಲ್ಲೂ ಆ ವಿನಾಯಿತಿಗೆ ಒಂದು ಕಾಗದವಿರುತ್ತದೆ ಎಂಬುದನ್ನು ಭಾವ ಹೇಳುವುದಿಲ್ಲ. ಯೌವನದಲ್ಲಿ ಹಬ್ಬದ ಸ್ಪರ್ಧೆಯಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದ ಕಥೆಯೂ ಉಂಟು. ನನ್ನ ಮದುವೆಯಾದ ಹೊಸತರಲ್ಲಿ ಅದು ತೆಂಗಿನಕಾಯಿಯೇ ಆಗಿತ್ತು. ನಮಗೆ ಮಗ ಹುಟ್ಟುವ ಹೊತ್ತಿಗೆ ನಿಂಬೆಹಣ್ಣಾಯಿತು. ಈಚೆಗೆ ನೆಲ್ಲಿಕಾಯಿಗೆ ಇಳಿದಿದೆ. ಇನ್ನು ಹತ್ತು ವರ್ಷ ಬದುಕಿದರೆ ಸಾಸಿವೆಗೂ ಬಂದೀತು.

ಆ ಸಲದ ಕೈಲ್ ಮುಹೂರ್ತವನ್ನು, ಎಂದರೆ ಕೊಡಗಿನವರು ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಹಬ್ಬವನ್ನು, ಭಾವ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. ಪೂಜೆಗೆ ಕೋವಿ ತಾ ಎಂದು ಇವರಿಗೆ ಅಪ್ಪಣೆಯಾಯಿತು. ಹಬ್ಬದ ಮನೆಯಲ್ಲಿ, ಅಕ್ಕಿಯ ಕಡಂಬಿಟ್ಟು, ಹಂದಿ ಸಾರಿನ ಗದ್ದಲದಲ್ಲಿ, ಮಕ್ಕಳು ಓಡಾಡುವ ಕಡೆ ರೈಫಲ್ ಮಣೆಯ ಮೇಲೆ ಒರಗಿಸಿಡುವುದಕ್ಕೆ ಇವರು ಒಪ್ಪಲಿಲ್ಲ. "ಪೂಜೆಗೆ ಕೋವಿ ತರದವನು ಎಂಥಾ ಕೊಡಗಿನವನೋ!" ಎಂದು ಭಾವ ಎಲ್ಲರೆದುರು ಅಂದರು. ನಾವು ಹೋಗಿ ನೋಡಿದರೆ ಮಣೆಯ ಮೇಲೆ ಹೊಸ ಏರ್ ಗನ್ ಒಂದು ಗಂಧ, ಕುಂಕುಮ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಮದುಮಗನ ಹಾಗೆ ನಿಂತಿತ್ತು. ಇಂಗ್ಲೆಂಡಿನಲ್ಲಿ ಅಂಥ ಕಡಿಮೆ ಶಕ್ತಿಯ ಗಾಳಿ ಕೋವಿಗೆ ಲೈಸೆನ್ಸ್ ಬೇಡ. "ನೋಡಿದ್ಯಾ? ಬೇಡ ಅಂದ್ರೆ ಬೇಡ," ಎಂದರು ಭಾವ, ಕಾನೂನನ್ನು ತಾವೇ ಬರೆದವರ ಹಾಗೆ.

"ಅಣ್ಣಯ್ಯ, ಸ್ಕಾಟ್ಲೆಂಡಲ್ಲಿ ಇದಕ್ಕೂ ಬೇಕು. ಒಂದು ದಿನಕ್ಕೆ ಹೋಗೋರಿಗೂ ಪೊಲೀಸರ ಪರ್ಮಿಟ್ ಬೇಕು," ಎಂದು ಇವರು ಊಟದ ಎಲೆಯ ಮುಂದೆ ಮೆಲ್ಲಗೆ ಹೇಳಿದರು. ಭಾವ ಮೂಳೆ ಚೀಪುತ್ತಿದ್ದರು.

ಕೋವಿ ತರಲಿಲ್ಲವೆಂಬ ಅಳುಕು ಇವರಿಗೆ ಇದ್ದೇ ಇತ್ತು. ಹಾಗಾಗಿ ಗ್ಯಾಲೋವೇಗೆ ತಾನೂ ಬರುತ್ತೇನೆ ಎಂದು ಭಾವ ಅಂದಾಗ ಇಲ್ಲವೆನ್ನಲಿಲ್ಲ. ಕಾಲಿಗೆ ಬಿದ್ದು ಆಶೀರ್ವಾದ ಪಡೆದ ಅಣ್ಣನಿಗೆ ಇಲ್ಲವೆನ್ನುವ ವಿದ್ಯೆಯನ್ನು ಇವರಿಗೆ ಯಾರೂ ಕಲಿಸಿಲ್ಲ.

ಹೊರಡುವ ದಿನ ಕಾರಿನ ಡಿಕ್ಕಿ ಜೋಡಿಸಿದ್ದನ್ನು ನೋಡಬೇಕಿತ್ತು. ರೈಫಲ್ ಬೀಗದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಉಕ್ಕಿನ ತಂತಿಯಿಂದ ಕಾರಿನ ಒಡಲಿಗೆ ಬಿಗಿದದ್ದು. ರೈಫಲಿನ ಬೋಲ್ಟ್, ಅದಿಲ್ಲದೆ ಗುಂಡೇ ಹಾರದ ಭಾಗ, ಬಿಚ್ಚಿ ಇವರ ಕೋಟಿನ ಒಳಜೇಬಿನಲ್ಲಿ. ತೋಟಾಗಳಿಗೆ ಬೇರೆ ಡಬ್ಬಿ, ಬೇರೆ ಬೀಗ. ಮಾಡರೇಟರಿಗೆ ಗೀರು ಬೀಳದಿರಲೆಂದು ನಾನು ಹೆಣೆದ ಉಣ್ಣೆಯ ಕಾಲುಚೀಲ. ಎಲ್ಲದರ ಮೇಲೆ ಒಂದು ಹಳೆಯ ಚೌಕಳಿ ಕಂಬಳಿ, ಹೊರಗಿನವರಿಗೆ ಏನೂ ಕಾಣದ ಹಾಗೆ. ಕಂಬಳಿಯ ಪಕ್ಕ ನನ್ನ ಚಪಾತಿ ಡಬ್ಬಿ. ನಡುವೆ ನಿಲ್ಲಿಸಿದರೆ ಕಾರು ಖಾಲಿ ಬಿಡಬಾರದು, ಅದಕ್ಕೇ ನಾನು. ಬೇಟೆಗೆ ಹೊರಟ ಗುಂಪಿನಲ್ಲಿ ನನ್ನ ಹುದ್ದೆ ಕಾರು ಕಾಯುವುದು.

ಭಾವ ಹಿಂದಿನ ದಿನವೇ ಮ್ಯಾಂಚೆಸ್ಟರಿಗೆ ಬಂದು, ಫಾಲೋಫೀಲ್ಡ್‌ನಲ್ಲಿ ಓದುತ್ತಿರುವ ಮಗಳ ಬಾಡಿಗೆ ಮನೆಯಲ್ಲಿದ್ದರು. ಕಸದ ಡಬ್ಬಿಗಳು ಸಾಲಾಗಿ ನಿಂತ ಆ ಬೀದಿಯಲ್ಲಿ ಉದ್ದನೆಯ ಚೀಲ ಹೆಗಲಿಗೇರಿಸಿ ನಿಂತಿದ್ದರು, ತಲೆಗೆ ಹೊಸ ಬೇಟೆಯ ಟೋಪಿ.

"ಅದೇನು ಅಣ್ಣಯ್ಯ?"

"ಕ್ಯಾಮೆರಾ ಸ್ಟ್ಯಾಂಡು. ನೀನು ಹೊಡೆಯೋದನ್ನ ಯಾರಾದ್ರೂ ಹಿಡೀಬೇಕಲ್ಲ, ಹೊಡೆದ್ರೆ."

ಚೀಲ ಕಂಬಳಿಯ ಮೇಲೆ ಬಿತ್ತು. ದಾರಿಯುದ್ದಕ್ಕೂ ನೆಲ್ಲಿಕಾಯಿಯ ಕಥೆ ನಡೆಯಿತು.

ಗಡಿಗೆ ಮುಂಚೆ, ಕಾರ್ಲೈಲ್‌ನ ಹತ್ತಿರ, ಹೆದ್ದಾರಿಯ ಸರ್ವಿಸಸ್ ಎಂಬ ತಂಗುದಾಣದಲ್ಲಿ ನಿಲ್ಲಿಸಿದೆವು. ಗಂಡಸರು ಟೀ ತರಲು ಹೋದರು. ನಾನು ಚಪಾತಿ ತೆಗೆಯಲೆಂದು ಡಿಕ್ಕಿ ಎತ್ತಿದೆ. ಚೌಕಳಿ ಕಂಬಳಿಯ ಮೇಲೆ ಚೆಂಡುಹೂವಿನ ಒಣ ಎಸಳುಗಳು. ಭಾವನ ಚೀಲದ ಜಿಪ್ಪಿನ ಬಾಯಲ್ಲಿ ಇನ್ನೂ ನಾಲ್ಕು ಸಿಕ್ಕಿಕೊಂಡಿದ್ದವು, ಪಕ್ಕದಲ್ಲಿ ಕುಂಕುಮದ ಕಲೆ. ಕ್ಯಾಮೆರಾ ಸ್ಟ್ಯಾಂಡಿಗೆ ಯಾರೂ ಕುಂಕುಮ ಇಡುವುದಿಲ್ಲ. ಡಿಕ್ಕಿ ಮುಚ್ಚಿ, ಅವರು ಬರುವವರೆಗೆ ಅಲ್ಲೇ ನಿಂತೆ.

"ಭಾವ, ಚೀಲದಲ್ಲಿ ಏರ್ ಗನ್ ಇದ್ಯಾ?"

ಅವರು ನನ್ನನ್ನಲ್ಲ, ಟೀ ಲೋಟವನ್ನು ನೋಡಿದರು. "ಇದ್ರೇನಮ್ಮ? ಆಟಿಕೆ ಸಾಮಾನು. ಪೂಜೆ ಮಾಡಿದ ಕೋವಿ ಒಂದು ಸಲನಾದ್ರೂ ಕಾಡು ನೋಡ್ಬೇಕು, ಶಾಸ್ತ್ರ."

"ಶಾಸ್ತ್ರದಲ್ಲಿ ಕ್ಯಾಮೆರಾ ಸ್ಟ್ಯಾಂಡು ಅಂತ ಹೇಳಿ ಕರ್ಕೊಂಡು ಹೋಗ್ಬೇಕು ಅಂತಿದ್ಯಾ?"

"ಗಡಿಯಲ್ಲಿ ಚೆಕ್‌ಪೋಸ್ಟು ಇದೆಯೇನಮ್ಮ? ಒಂದು ಬೋರ್ಡು. ಬೋರ್ಡು ಬಂದು ಡಿಕ್ಕಿ ತೆಗೆದು ನೋಡುತ್ತಾ? ಲೇ, ಹೇಳೋ ನಿನ್ನ ಹೆಂಡತಿಗೆ, ನಾವು ಯಾರು ಅಂತ."

ಇವರು ಕೋಟಿನ ಮೇಲಿಂದ ಬೋಲ್ಟ್ ಇದ್ದ ಜೇಬನ್ನು ಒತ್ತಿ ಹಿಡಿದಿದ್ದರು. ಕಾರು ಇವರದು, ಲೈಸೆನ್ಸ್ ಇವರದು. ಆ ಬೋರ್ಡಿನ ಆಚೆ ಯಾವನೋ ಹಿಂದಿನಿಂದ ಬಂದು ಗುದ್ದಿ ಪೊಲೀಸರು ಡಿಕ್ಕಿ ತೆರೆದರೂ ಸಾಕು, ಕೇಳುವುದು ಇವರನ್ನೇ. ಭಾವನಿಗೆ ಹೋಗುವುದು ಒಂದು ಆಟಿಕೆ, ಇವರಿಗೆ ಎಲ್ಲವೂ.

"ಅಣ್ಣಯ್ಯ," ಎಂದರು ಕೊನೆಗೆ, "ಆ ಚೀಲ ಇಟ್ಕೊಂಡು ಈ ಕಾರು ಮುಂದೆ ಹೋಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಡಿ, ಲೀಡ್ಸಿಗೆ ಬಿಟ್ಟು ಮನೆಗೆ ಹೋಗೋಣ. ಗ್ಯಾಲೋವೇಯ ಆ ಮನುಷ್ಯನಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ."

"ಇಷ್ಟಕ್ಕೇ? ಹೆದರುಪುಕ್ಕಲ!" ಎಂದರು ಭಾವ.

ಫೋನು ತೆಗೆದ ಇವರ ಮುಖ ನೋಡಿದೆ. ಜಾತ್ರೆಗೆ ಹೊರಟ ಮಗುವನ್ನು ಅರ್ಧದಾರಿಯಿಂದ ಹಿಂದಕ್ಕೆ ಕರೆದ ಹಾಗಿತ್ತು. ಇಷ್ಟು ವರ್ಷ ಕಾದವರು ಇವರು, ಹಿಂದಕ್ಕೆ ಹೋಗಬೇಕಾದದ್ದು ಆ ಚೀಲ. ನನಗೆ ರೇಗಿತು. ರೇಗಿದಾಗ ನನಗೆ ಲೆಕ್ಕಾಚಾರ ಚೆನ್ನಾಗಿ ಹೊಳೆಯುತ್ತದೆ.

"ಫೋನ್ ಇಡಿ. ಕಾರ್ಲೈಲ್ ಇನ್ನೂ ಇಂಗ್ಲೆಂಡೇ. ನನ್ನನ್ನೂ ಭಾವನ್ನೂ ಅವರ ಚೀಲವನ್ನೂ ಇಲ್ಲಿ ಇಳಿಸಿ. ನೀವೊಬ್ಬರೇ ಹೋಗಿ, ದಾರೀಲಿ ಎಲ್ಲೂ ನಿಲ್ಲಿಸಬೇಡಿ. ಬರ್ತಾ ಕರ್ಕೊಂಡು ಹೋಗಿ."

"ನಾನು ಇಲ್ಲೇನು ಮಾಡ್ಲಿ?" ಎಂದರು ಭಾವ.

"ಕೋವಿ ಕಾಯಿರಿ ಭಾವ. ನಾನು ಮುಂಜಾನೆಯಿಂದ ಅದನ್ನೇ ಮಾಡ್ತಿದ್ದೀನಿ."

ಸ್ಟೇಷನ್ ಹತ್ತಿರದ ಒಂದು ಗೆಸ್ಟ್‌ಹೌಸಿನಲ್ಲಿ ಎರಡು ಕೋಣೆ ಸಿಕ್ಕಿತು. ಮಾಲೀಕಳಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ಹುಬ್ಬೇರಿಸಿ, ಹಾಸಿಗೆ ಹೊದಿಕೆ ಇಡುವ ಕಪಾಟಿಗೆ ಬೀಗವಿದೆ, ಅಲ್ಲಿಡಿ ಎಂದು ಕೀಲಿಯನ್ನು ನನ್ನ ಕೈಗೇ ಕೊಟ್ಟಳು. ವೀರರ ಕೋವಿ ದಿಂಬಿನ ಕವರುಗಳ ನಡುವೆ ಮಲಗಿತು. ಕೀಲಿ ಎಲ್ಲಿದೆ ಎಂದು ಭಾವ ಕೇಳಿದರು. ಲೈಸೆನ್ಸೇ ಬೇಡದವರಿಗೆ ಕೀಲಿ ಯಾಕೆ ಎಂದೆ.

ನಾವಲ್ಲಿದ್ದಷ್ಟೂ ದಿನ ಭಾವ ಬೇಟೆಯ ಟೋಪಿ ಹಾಕಿಕೊಂಡೇ ಬೆಳಗಿನ ತಿಂಡಿಗೆ ಇಳಿದರು, ಬೀನ್ಸ್ ಸಪ್ಪೆ ಎಂದರು, ಕೋಣೆ ತಣ್ಣಗಿದೆ ಎಂದರು. ಮಳೆಗೆ ಹೆದರಿ ಆ ಊರಿನ ಕೋಟೆ ನೋಡಲೂ ಬರಲಿಲ್ಲ. ಕಾಡಿನಲ್ಲಿ ಇವರ ಜೊತೆ ಒದ್ದೆ ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ತೆವಳಬೇಕಿದ್ದ ಮನುಷ್ಯ! ನಾನು ನನ್ನ ಪಾಡಿಗೆ ಸ್ವೆಟರ್ ಹೆಣೆದೆ.

ಮೂರನೆಯ ದಿನ ಇವರು ಬಂದರು. ಹೊಡೆದ ಜಿಂಕೆಯ ಒಂದು ತೊಡೆಯ ಮಾಂಸ ತಣ್ಣನೆ ಪೆಟ್ಟಿಗೆಯಲ್ಲಿತ್ತು. ರಾತ್ರಿ ರೈಫಲನ್ನು ಆ ಕಾಡಿನವನ ಬೀರುವಿನಲ್ಲಿ ಇಟ್ಟಿದ್ದನ್ನು ಮೊದಲು ಹೇಳಿದರು, ಜಿಂಕೆಯ ಸುದ್ದಿ ಆಮೇಲೆ. ಮುಖ ಮಾತ್ರ ಹತ್ತು ವರ್ಷ ಚಿಕ್ಕದಾಗಿತ್ತು.

ಆ ಮಾಂಸವನ್ನು ದೀಪಾವಳಿಗೆಂದು ಫ್ರೀಜರಿನಲ್ಲಿಟ್ಟು, ಹಬ್ಬದ ದಿನ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ ಬೇಯಿಸಿದೆ. ನಾಟಿಂಗ್‌ಹ್ಯಾಮಿನಿಂದ ಸ್ನೇಹಿತರು ಬಂದಿದ್ದರು, ಲೀಡ್ಸಿನಿಂದ ಭಾವನೂ. ಬಡಿಸುತ್ತಿದ್ದಾಗ ಭಾವನ ಮಾತು ಕಿವಿಗೆ ಬಿತ್ತು: "ಗ್ಯಾಲೋವೇಲಿ ನಾವು ಹೊಡೆದದ್ದು. ಏನು ಸದ್ದು ಅಂತೀರಿ! ಗುಂಡು ಹಾರಿದ್ದೇ ಕಾಡಿಗೆ ಕಾಡೇ ನಡುಗಿಹೋಯ್ತು!"

ಅತಿಥಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಇವರು ಅಣ್ಣನ ಮಾತಿಗೆ ಎದುರಾಡುವವರಲ್ಲ, ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

"ಹಾಗೆ ನಡುಗಬಾರದು ಅಂತಾನೇ ಅಲ್ವೇ ಭಾವ, ಅದರ ಬಾಯಿಗೆ ಮಾಡರೇಟರ್ ಹಾಕೋದು?" ಎಂದೆ, ಅವರ ಎಲೆಗೆ ಇನ್ನೊಂದು ಸೌಟು ಸಾರು ಬಿಡುತ್ತ. "ನಿಮಗೆ ಕಾರ್ಲೈಲ್‌ವರೆಗೂ ಕೇಳಿಸ್ತಾ?"

ಭಾವ ಮೂಳೆ ಹುಡುಕತೊಡಗಿದರು. ಇವರು ತಲೆ ಎತ್ತಲಿಲ್ಲ. ಆದರೆ ಭುಜ ಕುಲುಕುತ್ತಿತ್ತು.