ಠಾಣೆಯಲ್ಲಿ ನಾನು ಹಾಕಿದ ರುಜು

ಹರಿಹರದ ನಡುಬೀದಿಯಲ್ಲಿ ತಂಗಿಯ ಗಂಡನನ್ನು ಹೊಡೆಸಿದವನು ನಮ್ಮ ದೊಡ್ಡಪ್ಪ. ಹುಡುಗ ಬೇರೆ ಜಾತಿಯವನು ಎಂಬುದೊಂದೇ ಕಾರಣ. ತಂಗಿ ಠಾಣೆಗೆ ದೂರು ಕೊಟ್ಟಳು. ನಮ್ಮ ಕಡೆ ಇಂಥ ದೂರುಗಳು ರಾಜಿಯಲ್ಲೇ ಮುಗಿಯುತ್ತವೆ. ಇನ್ನು ಯಾವ ದ್ವೇಷವೂ ಇಲ್ಲ, ತಂಟೆಗೆ ಹೋಗುವುದಿಲ್ಲ ಎಂದು ಮುಚ್ಚಳಿಕೆ ಬರೆಸಿ, ಪೊಲೀಸರು ಮನೆಯವರ ಪರವಾಗಿ ನನ್ನ ಕೈಯಲ್ಲಿ ರುಜು ಹಾಕಿಸಿದರು. ನಾನು ಅವಳ ಒಡಹುಟ್ಟಿದ ಅಣ್ಣ. ದಾವಣಗೆರೆಯ ಪಿ.ಜೆ. ಬಡಾವಣೆಯ ಹತ್ತಿರ ಆಟೊ, ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದೆ. ಅಂಗಡಿಯ ಕಟ್ಟಡ ದೊಡ್ಡಪ್ಪನದು.

ವಾಪಸ್ ಬರುವಾಗ ಕಾರಿನಲ್ಲಿ ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಕಾಗದದಾಗೆ ನಾವು ಒಳ್ಳೇರಾದ್ವಿ. ಇನ್ನು ಕಣ್ಣಿಗೆ ಬೀಳ್ಲಿ, ಇಬ್ರಿಗೂ ಒಂದೇ ಕುಣಿ ತೋಡಿಸ್ತೀನಿ."

ಅದನ್ನು ಅಂದೇ ತಂಗಿಗೆ ತಿಳಿಸಿದೆ. ಅವಳು ಗಂಡನ ಓದಿನ ವೀಸಾದ ಮೇಲೆ ಆಸ್ಟ್ರೇಲಿಯಾ ಸೇರಿ, ಅಲ್ಲಿ ಆಶ್ರಯ ಕೇಳಿದಳು. ಅಲ್ಲಿನ ಅಧಿಕಾರಿಗಳು ಅವಳ ದೂರಿನ ಜೊತೆಗಿದ್ದ ಮುಚ್ಚಳಿಕೆ ಓದಿ, ಮನೆಯವರೇ ರಾಜಿಯಾದ ಮೇಲೆ ಭಯವೇನು ಎಂದು ಅರ್ಜಿ ತಳ್ಳಿಹಾಕಿದರು. ಅದನ್ನು ಮತ್ತೊಮ್ಮೆ ವಿಚಾರಿಸುವ ಮಂಡಳಿಯೊಂದಿತ್ತು. ಅದರ ಮುಂದೆ ಹೋಗುವ ಮೊದಲು ತಂಗಿ ಫೋನ್ ಮಾಡಿದಳು.

"ಅಣ್ಣ, ಕಾರಿನಾಗೆ ದೊಡ್ಡಪ್ಪ ಏನಂದ ಅಂತ ಬರ್ದು ಕಳ್ಸು. ಅಷ್ಟು ಸಾಕು."

"ಕೋರ್ಟಿನ ಭಾಷೆ ನನಗೆಲ್ಲಿ ಬರ್ತೈತವ್ವ, ಏಳನೇ ಕ್ಲಾಸ್ ಓದಿದೋನಿಗೆ."

"ಠಾಣೆಯಾಗೆ ಚೆಂದಾಗೇ ರುಜು ಹಾಕಿದ್ಯಲ್ಲ. ಕನ್ನಡದಾಗೇ ಬರಿ."

ಬರೆಯುತ್ತೇನೆ ಅಂದೆ. ಬರೆಯಲಿಲ್ಲ. ಓದು ಕಡಿಮೆ ಎಂಬುದು ನೆಪ. ಅಂಗಡಿ ಕೈಬಿಟ್ಟೀತು ಎಂಬ ಹೆದರಿಕೆಯೇ ನಿಜ. ಅವಳು ಕೇಳಿದಾಗಲೆಲ್ಲ ನಾಳೆ ಅಂದೆ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ. ಮಂಡಳಿಯೂ ತಿರಸ್ಕರಿಸಿತು.

ಅವಳು ಕೋರ್ಟಿಗೆ ಮೇಲ್ಮನವಿ ಹಾಕಿದಾಗ ನಾಚಿಕೆಯಾಗಿ ನಾಲ್ಕು ಪುಟ ಬರೆದು ಕಳಿಸಿದೆ. ಅವಳ ವಕೀಲರು ಅದನ್ನು ಬದಿಗಿಟ್ಟರಂತೆ. ಮಂಡಳಿ ಕಾನೂನು ತಪ್ಪಿ ನಡೆದಿದೆಯೇ ಎಂದಷ್ಟೇ ಕೋರ್ಟು ನೋಡುತ್ತದೆ, ಆಗ ಕೊಡದ ಸಾಕ್ಷಿ ಈಗ ನಡೆಯುವುದಿಲ್ಲ. ಕಳೆದ ತಿಂಗಳು ಮೇಲ್ಮನವಿ ವಜಾ ಆಯಿತು.

ಸುದ್ದಿ ತಿಳಿದು ದೊಡ್ಡಪ್ಪ ಅಂಗಡಿಗೇ ಬಂದ. ಅವಳನ್ನು ವಾಪಸ್ ಕರೆತರುವ ವಿಮಾನ ಯಾವತ್ತು ಇಳಿಯುತ್ತದೆ ಎಂದು ನಗುತ್ತ ಕೇಳಿದ. ನನ್ನ ಕೈಯಲ್ಲಿ ರೆಕ್ಸಿನ್ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅವನ ಹೊಟ್ಟೆಗೆ ಹಾಕಬೇಕು ಅನ್ನಿಸಿದ್ದು ಸುಳ್ಳಲ್ಲ. ಇವನನ್ನು ಅಷ್ಟು ಸುಲಭಕ್ಕೆ ಬಿಡಬಾರದು ಎಂದು ಕೆಳಗಿಟ್ಟೆ. ಅವನು ಬಂದರೆ ಊರವರು ಎದ್ದು ನಿಲ್ಲುತ್ತಾರೆ. ಅವನೇ ಕಟಕಟೆಯಲ್ಲಿ ವರ್ಷಗಟ್ಟಲೆ ನಿಲ್ಲಬೇಕು, ಅದನ್ನು ಊರವರು ಕೂತು ನೋಡಬೇಕು.

ಮರುದಿನ ಹರಿಹರದ ಠಾಣೆಗೆ ಹೋಗಿ ದೂರು ಬರೆಸಿದೆ. ಕೊಲ್ಲುವ ಬೆದರಿಕೆ ಹಾಕಿದವನು ದೊಡ್ಡಪ್ಪ, ಗೊತ್ತಿದ್ದೂ ಮುಚ್ಚಿಟ್ಟವನು ನಾನು. ಬರೆದುಕೊಳ್ಳುತ್ತಿದ್ದ ಪೊಲೀಸರು ಪೆನ್ನು ನಿಲ್ಲಿಸಿದರು.

"ಯಾರಾದ್ರೂ ತಮ್ಮ ಹೆಸ್ರು ತಾವೇ ಹಾಕಿಸ್ತಾರೇನ್ರಿ? ಮನಿಗೆ ಹೋಗಿ ಯೋಚ್ನೆ ಮಾಡಿ ಬರ್ರಿ."

"ಯೋಚ್ನೆ ಮಾಡಿ ಮಾಡೇ ಇಷ್ಟಾಗೈತ್ರಿ. ಬರ್ಕಳ್ರಿ."

ಅಂಗಡಿ ಖಾಲಿ ಮಾಡಿದ್ದೇನೆ. ದೂರಿನ ಪ್ರತಿ ತಂಗಿಗೆ ಕಳಿಸಿದೆ. ಅದನ್ನಿಟ್ಟುಕೊಂಡು ವಕೀಲರು ಅಲ್ಲಿನ ಸರ್ಕಾರವನ್ನು ಇನ್ನೊಮ್ಮೆ ಕೇಳಿ ನೋಡುತ್ತಾರಂತೆ, ಭರವಸೆ ಕೊಟ್ಟಿಲ್ಲ. ತಂಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳನ್ನು ಕಳಿಸಿಯೇ ಬಿಟ್ಟರೆ, ಅವಳು ಬಂದಿಳಿಯುವಷ್ಟರಲ್ಲಿ ದೊಡ್ಡಪ್ಪ ಜೈಲಿನಲ್ಲಿರಬೇಕು. ಜೊತೆಗೆ ನಾನೂ ಇದ್ದರೆ ಇರಲಿ.