ಪ್ಲೇಟು ಓಡುವಾಗ

ಮಧುಗಿರಿ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದ ಮರುಳಸಿದ್ದಯ್ಯ ಜನರಿಗಿಂತ ಗ್ರಾಮಫೋನುಗಳನ್ನು ಹತ್ತಿಸಿಕೊಂಡದ್ದೇ ಹೆಚ್ಚು ಅಂತ ಅವನ ಡ್ರೈವರ್ ಭೀಮರಾಜು ಇವತ್ತಿಗೂ ಛೇಡಿಸುತ್ತಾನೆ. ಪೂರ್ತಿ ಸುಳ್ಳೇನಲ್ಲ. ಪಾವಗಡದ ರೂಟಿನಲ್ಲಿ ಯಾವ ಊರಿನ ಯಾರ ಅಟ್ಟದ ಮೇಲೆ ಹಳೇ ಪೆಟ್ಟಿಗೆ ಇದೆ ಅನ್ನುವುದು ಅವನಿಗೆ ಬಾಯಿಪಾಠ. ವೈ.ಎನ್.ಹೊಸಕೋಟೆಯ ಒಂದು ಮನೆಯಲ್ಲಿ ಗ್ರಾಮಫೋನಿನ ಕಹಳೆಯನ್ನು ಡಬ್ಬಿಗಿಟ್ಟು ಕಡಲೆಕಾಯಿ ಎಣ್ಣೆ ಸುರಿಯುತ್ತಿದ್ದರು. ಅವರಿಗೊಂದು ಹೊಸ ಲಾಳಿಕೆ ಕೊಡಿಸಿ, ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಹೀಗೇ ಹನ್ನೊಂದು ಪೆಟ್ಟಿಗೆ, ಮುನ್ನೂರು ಚಿಲ್ಲರೆ ಪ್ಲೇಟು ಮನೆ ತುಂಬಿದವು.

ಕರೆಂಟು ಇಲ್ಲದ ಕಾಲದ ಯಂತ್ರ ಅದು. ಕೈಯಿಂದ ಕೀ ಕೊಟ್ಟರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ, ಬಿಚ್ಚಿಕೊಳ್ಳುತ್ತಾ ಅರಗಿನ ಪ್ಲೇಟನ್ನು ತಿರುಗಿಸುತ್ತದೆ, ಮುಳ್ಳು ಗೀರಿದ್ದನ್ನು ಕಹಳೆ ಹಾಡುತ್ತದೆ. ಮೂರು ನಿಮಿಷಕ್ಕೆಲ್ಲ ಒಂದು ಮಗ್ಗುಲು ಮುಗಿಯುತ್ತದೆ. ರೇಡಿಯೋ ಬಂದಮೇಲೆ ಇವೆಲ್ಲ ಅಟ್ಟ ಸೇರಿದವು. ಈಗ ಹೊಸ ಕಹಳೆಯನ್ನು ಹಳೇ ಪೆಟ್ಟಿಗೆಗೆ ಸಿಕ್ಕಿಸಿ, ಪುರಾತನದ್ದು ಅಂತ ಟೋಪಿ ಹಾಕುವವರೂ ಇದ್ದಾರೆ. ಮರುಳಸಿದ್ದಯ್ಯ ಕಣ್ಣು ಮುಚ್ಚಿಕೊಂಡು ಕಹಳೆಯ ದನಿಯಲ್ಲೇ ಕಳ್ಳಮಾಲು ಹಿಡಿಯುತ್ತಿದ್ದ. ಅಂಥಾ ಕಿವಿ ಅವನದು.

ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಳೆ. ಪ್ಲೇಟು ಓಡುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು. ಹೆಂಡತಿ ಬಸವಮ್ಮ ಬಾಗಿಲಿಗೆ ಬಂದರೆ ಸಾಕು, ತುಟಿಯ ಮೇಲೆ ಬೆರಳಿಟ್ಟು, “ಸುಮ್ಕಿರು, ಪ್ಲೇಟ್ ಓಡ್ತೈತೆ” ಅನ್ನುವನು. ಹಾಲು ಉಕ್ಕಲಿ, ನೆಂಟರು ಬರಲಿ, ಆಯಮ್ಮ ಮಾತು ನುಂಗಿಕೊಂಡು ನಿಲ್ಲಬೇಕು. ನಿಂತೂ ನಿಂತೂ, ಹೇಳಬೇಕಾದ್ದೇ ಮರೆತು ಒಳಗೆ ಹೋಗುತ್ತಿದ್ದಳು. ಇದನ್ನು ಸಂಗೀತದ ಮೇಲಿನ ಭಕ್ತಿ ಅನ್ನುವವರು ಅನ್ನಲಿ, ಅವಳ ಪಾಲಿಗೆ ಅದು ದರ್ಪವೇ.

ಹೋದ ವರ್ಷ ಯುಗಾದಿ ಹೊತ್ತಿಗೆ ಅವನ ಎಡಗಿವಿ ಹೋಯಿತು. ನರ ಒಣಗುತ್ತಿದೆ, ಬಲಗಿವಿಯೂ ದೀಪಾವಳಿ ಕಾಣುವುದು ಕಷ್ಟ ಅಂದರು ತುಮಕೂರಿನ ಡಾಕ್ಟರು. ಕಿವಿಗೆ ಹಾಕುವ ಮಿಷನ್ನು ತಂದ, ಅದು ಬರೀ ಶಿಳ್ಳೆ ಹೊಡೆಯಿತು. ಇರುವಷ್ಟು ದಿನದಲ್ಲಿ ಮುನ್ನೂರು ಪ್ಲೇಟನ್ನೂ ಒಂದು ಸಲ ಕೇಳಿಬಿಡಬೇಕು ಅನ್ನುವ ಹುಚ್ಚು ಹಿಡಿಯಿತು. ಬೆಳಗಿನಿಂದ ಸಂಜೆವರೆಗೂ ಕೀ ಕೊಟ್ಟಿದ್ದೇ ಕೊಟ್ಟಿದ್ದು. ಬೆರಳು ತುಟಿಯಿಂದ ಇಳಿಯಲೇ ಇಲ್ಲ. ಬಸವಮ್ಮ ತಟ್ಟೆ ತಂದಿಟ್ಟು ಸದ್ದಿಲ್ಲದೆ ಹೋಗುತ್ತಿದ್ದಳು.

ಆಯುಧಪೂಜೆಯ ಮಾರನೇ ಬೆಳಿಗ್ಗೆ ಕೀ ಕೊಟ್ಟು ಮುಳ್ಳು ಇಟ್ಟ. ಪ್ಲೇಟು ತಿರುಗಿತು, ಸದ್ದಿಲ್ಲ. ಮುಳ್ಳು ಬದಲಿಸಿದ. ಕಹಳೆಯೊಳಗೆ ತಲೆಯನ್ನೇ ತೂರಿಸಿದ. ಇಂಥ ಯಂತ್ರ ಮೊದಲು ಕಂಡುಹಿಡಿದವನಿಗೂ ಕಿವಿ ಮಂದವಂತೆ, ಪೆಟ್ಟಿಗೆಯ ಮರ ಕಚ್ಚಿಕೊಂಡು ಹಾಡು ಕೇಳುತ್ತಿದ್ದನಂತೆ ಅಂತ ಎಲ್ಲೋ ಓದಿದ್ದು ನೆನಪಾಯಿತು. ಬಾಯಲ್ಲಿ ಉಳಿದಿದ್ದ ಏಳು ಹಲ್ಲಿನಲ್ಲಿ ಪೆಟ್ಟಿಗೆಯ ಅಂಚನ್ನು ಕಚ್ಚಿದ. ಹಲ್ಲು ಜುಮ್ಮೆಂದಿತು, ದವಡೆ ನಡುಗಿತು. ಹಾಡು ಬರಲಿಲ್ಲ.

ಆದರೂ ಹಾಡು ತಲೆಯಲ್ಲಿತ್ತು. ಅದೊಂದೇ ಅಲ್ಲ, ಮುನ್ನೂರೂ ಇದ್ದವು, ಯಾವುದರಲ್ಲಿ ಎಲ್ಲಿ ಗೀರು ಬಿದ್ದಿದೆ ಅನ್ನುವುದರ ಸಮೇತ. ಅಷ್ಟಾದರೂ ಉಳಿಯಿತಲ್ಲ ಅಂತ ತಲೆಯೆತ್ತಿದರೆ, ಬಸವಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇವಳ ದನಿ ಹೇಗಿತ್ತು? ಎಷ್ಟು ತಡಕಿದರೂ ಸಿಗಲಿಲ್ಲ.

“ಲೇ, ಏನಾರ ಮಾತಾಡು” ಅಂದ.

ಅವಳು ತುಟಿಯ ಮೇಲೆ ಬೆರಳಿಟ್ಟು ಪೆಟ್ಟಿಗೆಯ ಕಡೆ ತೋರಿಸಿದಳು. ಪ್ಲೇಟು ಇನ್ನೂ ಓಡುತ್ತಿತ್ತು.

ಮರುಳಸಿದ್ದಯ್ಯ ಅಂಗೈಯನ್ನು ಪ್ಲೇಟಿನ ಮೇಲೆ ಒತ್ತಿಬಿಟ್ಟ. ಮುಳ್ಳು ಅಡ್ಡಕ್ಕೆ ಗೀರಿತು, ಪ್ಲೇಟು ಎರಡು ಹೋಳಾಯಿತು. ಅವನು ಅತ್ತ ನೋಡಲೂ ಇಲ್ಲ. “ನಿಂತೋಯ್ತು ನೋಡು. ಈಗ ಹೇಳು. ಕಿವಿಗೇ ಬಾಯಿಟ್ಟು ಹೇಳು” ಅಂತ ಅಂಗಲಾಚಿದ.

ಬಸವಮ್ಮ ಲೋಟ ಕೆಳಗಿಟ್ಟು ಅವನ ಬಲಗಿವಿಗೆ ಬಾಯಿ ಹಚ್ಚಿದಳು. ಬಿಸಿ ಉಸಿರು ತಾಕಿತು. ತುಂಬಾ ಹೊತ್ತು ಹೇಳಿದಳು, ನಡುವೆ ಅತ್ತಿರಲೂಬೇಕು, ಅವನ ಕೆನ್ನೆ ಒದ್ದೆಯಾಯಿತು. ಏನು ಹೇಳಿದಳೋ ಒಂದಕ್ಷರ ಅವನಿಗೆ ತಿಳಿಯಲಿಲ್ಲ. ಅವಳು ಮುಗಿಸುವವರೆಗೂ ಅಲುಗಾಡದೆ ಕೂತಿದ್ದ.